ಪ್ರಾರ್ಥನೆ ಇಲ್ಲದ ಕುರುಕ್ಷೇತ್ರ

ಗುಬ್ಬಿ, ಕುಣಿಗಲ್, ತುಮಕೂರು ಸುತ್ತಿನ ಹಳ್ಳಿಗಳಲ್ಲಿ ನಾಟಕ ಅಂದರೆ ಪೌರಾಣಿಕ ನಾಟಕ. ಪೌರಾಣಿಕ ನಾಟಕ ಅಂದರೆ ಕುರುಕ್ಷೇತ್ರ. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆಲ್ಲ ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’ ಎಂಬ ಪೋಸ್ಟರುಗಳು ಏಳುತ್ತವೆ. ಕಿರೀಟ ತೊಟ್ಟು ಮೀಸೆ ತಿರುವಿದವರು ರೈತರು, ಲಾರಿ ಡ್ರೈವರುಗಳು, ಪಂಚಾಯ್ತಿ ಮೆಂಬರುಗಳು, ಪ್ರೈಮರಿ ಶಾಲೆ ಮೇಷ್ಟ್ರುಗಳು. ಪಾತ್ರಕ್ಕೆ ದುಡ್ಡು ಕೊಡುವವರು ಪಾತ್ರಧಾರಿಗಳೇ. ದುರ್ಯೋಧನ, ಕೃಷ್ಣ, ಭೀಮನಿಗೆ ರೇಟು ಜಾಸ್ತಿ. ವಿದುರ, ಸಂಜಯನಿಗೆ ಕಡಿಮೆ. ಡ್ರಾಮಾ ಸೀನರಿ, ಮೇಕಪ್ಪು, ಶಾಮಿಯಾನ, ತೂಗುಮೈಕು, ತಬಲ, ಕ್ಯಾಸಿಯೋ, ತುಮಕೂರಿನಿಂದಲೋ ಬೆಂಗಳೂರಿನಿಂದಲೋ ಬರುವ ಸ್ತ್ರೀ ಪಾತ್ರಧಾರಿಗಳು, ತಿಂಗಳುಗಟ್ಟಲೆ ಊರಿಗೆ ಬಂದು ಕಲಿಸುವ ಹಾರ್ಮೋನಿಯಂ ಮೇಷ್ಟ್ರು, ಎಲ್ಲಕ್ಕೂ ಅದೇ ದುಡ್ಡು. ಇದರಲ್ಲಿ ಯಾರಿಗೂ ಲಾಭವಿಲ್ಲ. ಒಂದು ರಾತ್ರಿ ದುರ್ಯೋಧನನಾಗಲು ಹಸು ಮಾರಿದವರನ್ನು ನಾನು ಬಲ್ಲೆ. ಹಾಗೆ ಮಾಡಿದ್ದಕ್ಕೆ ಅವರ ಮನೆಯವರು ಮುನಿಸಿಕೊಂಡದ್ದನ್ನೂ, ಅದೇ ಮನೆಯವರು ಆ ರಾತ್ರಿ ರಂಗದ ಮೇಲೆ ಹತ್ತಿ ನೋಟಿನ ಹಾರ ಹಾಕಿದ್ದನ್ನೂ ಕಂಡಿದ್ದೇನೆ.

ಈ ನಾಟಕ ಶುರುವಾಗುವುದು ಪ್ರಾರ್ಥನೆಯಿಂದ. ಪರದೆ ಎದ್ದಾಗ ಕೌರವರು, ಪಾಂಡವರು, ಶಕುನಿ, ಕೃಷ್ಣ ಎಲ್ಲರೂ ಪೂರ್ತಿ ವೇಷದಲ್ಲಿ ಸಾಲಾಗಿ ಕೈಮುಗಿದು ನಿಂತಿರುತ್ತಾರೆ. ಗಣಪತಿಗೆ, ಶಾರದೆಗೆ, ಊರ ದೇವರಿಗೆ ಹಾಡು. ತೆಂಗಿನಕಾಯಿ, ಕರ್ಪೂರ. ಆಮೇಲೆ ಪರದೆ ಬಿದ್ದು ಮತ್ತೆ ಎದ್ದಾಗ ಕಥೆ. ಗದೆ ಹಿಡಿದು ಒಬ್ಬರನ್ನೊಬ್ಬರು ಕೊಲ್ಲಬೇಕಾದ ಭೀಮ ದುರ್ಯೋಧನರು ಅಕ್ಕಪಕ್ಕ ನಿಂತು ಒಂದೇ ಪದ್ಯ ಹಾಡುವುದನ್ನು ಚಿಕ್ಕಂದಿನಲ್ಲಿ ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ದೊಡ್ಡವನಾದ ಮೇಲೆ ಅದೇ ನನಗೆ ನಾಟಕದ ದೊಡ್ಡ ದೋಷವಾಗಿ ಕಂಡಿತು. 2017ರ ಬೇಸಿಗೆಯಲ್ಲಿ, ಸಿ.ಎಸ್.ಪುರದ ಕಡೆಯ ನಮ್ಮೂರಲ್ಲಿ, ಆ ಪ್ರಾರ್ಥನೆಯನ್ನು ತೆಗೆಸಿದವನು ನಾನು. ಅದರಿಂದ ಒಂದು ನಾಟಕ ಕೆಟ್ಟಿತು. ನಾಟಕ ಕೆಟ್ಟದ್ದನ್ನು ಊರು ಮರೆತಿದೆ. ನಾನು ಮರೆಯಲಾಗದ್ದು ಬೇರೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಈ ಹುಚ್ಚು ನನಗೆ ಹತ್ತಿದ್ದು ಒಂದು ಇಂಗ್ಲಿಷ್ ಸಿನಿಮಾದಿಂದ. 2016ರ ಡಿಸೆಂಬರಿನಲ್ಲಿ ‘ರೋಗ್ ಒನ್’ ಬಿಡುಗಡೆಯಾಯಿತು. ‘ಸ್ಟಾರ್ ವಾರ್ಸ್’ ಸರಣಿಯ ಲೋಕದ್ದೇ ಕಥೆ, ನಿರ್ದೇಶಕ ಗ್ಯಾರೆತ್ ಎಡ್ವರ್ಡ್ಸ್. ತುಮಕೂರಿನಲ್ಲಿ ಕಾಲೇಜು ಓದುವಾಗಿನಿಂದ ನನಗೂ ನನ್ನ ಗೆಳೆಯನಿಗೂ ಆ ಸಿನಿಮಾಗಳೆಂದರೆ ಪ್ರಾಣ. ಇಬ್ಬರೂ ಬೆಂಗಳೂರಿಗೆ ಹೋಗಿ ನೋಡಿದೆವು. 1977ರ ಮೊದಲ ಚಿತ್ರದಿಂದ ಮುಖ್ಯ ಸರಣಿಯ ಪ್ರತಿ ಚಿತ್ರವೂ ಒಂದೇ ರೀತಿ ಶುರುವಾಗುತ್ತದೆ. ಬಹಳ ಹಿಂದೆ, ಬಹಳ ದೂರದಲ್ಲಿ ನಡೆದದ್ದು ಇದು ಎಂದು ನೀಲಿ ಅಕ್ಷರದ ಒಂದು ಸಾಲು. ಜಾನ್ ವಿಲಿಯಮ್ಸ್‌ನ ಸಂಗೀತ ಒಮ್ಮೆಲೇ ಮೊಳಗಿ ಪರದೆ ತುಂಬ ಹೆಸರು. ಆಮೇಲೆ ಹಳದಿ ಅಕ್ಷರಗಳ ಕಥಾಸಾರ ಕೆಳಗಿನಿಂದ ಮೇಲಕ್ಕೆ ಹರಿದು ನಕ್ಷತ್ರಗಳಲ್ಲಿ ಕರಗುತ್ತದೆ. ‘ರೋಗ್ ಒನ್’ನಲ್ಲಿ ಆ ಹರಿಯುವ ಅಕ್ಷರಗಳಿಲ್ಲ. ಸೀದಾ ಕಥೆಯೊಳಗೆ ಇಳಿಯುತ್ತದೆ: ಹಸಿರು ಬಯಲು, ಒಂಟಿ ಮನೆ, ಮಳೆಯ ಮೋಡ, ಬಂದಿಳಿಯುವ ಸೈನಿಕರು, ಓಡಿ ಬಚ್ಚಿಟ್ಟುಕೊಳ್ಳುವ ಹುಡುಗಿ.

ಇದು ಸರಿಯೋ ತಪ್ಪೋ ಎಂದು ಜಗತ್ತಿನಾದ್ಯಂತ ಅಭಿಮಾನಿಗಳು ಜಗಳವಾಡಿದರು. ನಾವಿಬ್ಬರೂ ವಾಪಸ್ ಬರುವ ಬಸ್ಸಿನಲ್ಲಿ ನೆಲಮಂಗಲದಿಂದ ಕ್ಯಾತ್ಸಂದ್ರದವರೆಗೆ ಆಡಿದೆವು. ಅವನದು ಸಂಪ್ರದಾಯದ ಪಕ್ಷ. ‘ಆ ಅಕ್ಷರ ಹರೀದೆ ಇದ್ರೆ ನಾನು ಆ ಲೋಕಕ್ಕೆ ಹೋಗೋದು ಹೆಂಗೆ ಮಗಾ? ಬಾಗಿಲೇ ಇಲ್ಲದ ಮನೆ ಥರ ಆಯ್ತು’ ಎಂದ. ನನ್ನದು ವಾಸ್ತವದ ಪಕ್ಷ. ಇದು ಯುದ್ಧದ ಸಿನಿಮಾ, ಸಾಯುವವರ ಸಿನಿಮಾ. ಯುದ್ಧ ಯಾರಿಗೂ ಪೀಠಿಕೆ ಹಾಕಿಕೊಂಡು ಬರುವುದಿಲ್ಲ. ಆ ಅಕ್ಷರಗಳು ಬಂದಿದ್ದರೆ ‘ಓ, ಇದು ಕಥೆ’ ಎಂದು ನಾವು ಆರಾಮಾಗಿ ಕೂತುಬಿಡುತ್ತಿದ್ದೆವು ಎಂದು ವಾದಿಸಿದೆ. ಅವನು ಇತಿಹಾಸ ತೆಗೆದ. ಆ ಹರಿಯುವ ಅಕ್ಷರ ಜಾರ್ಜ್ ಲೂಕಾಸ್ ತಾನೇ ಕಂಡುಹಿಡಿದದ್ದಲ್ಲ, ಹಳೆಯ ‘ಫ್ಲ್ಯಾಶ್ ಗಾರ್ಡನ್’ ಧಾರಾವಾಹಿ ಚಿತ್ರಗಳಿಂದ ತಂದದ್ದು. 1977ರಲ್ಲಿ ಕಂಪ್ಯೂಟರಿನ ಸಹಾಯವಿಲ್ಲದೆ ನಿಜವಾದ ಅಕ್ಷರಗಳನ್ನು ನೆಲದ ಮೇಲೆ ಮಲಗಿಸಿ, ಅವುಗಳ ಉದ್ದಕ್ಕೂ ಕ್ಯಾಮೆರಾ ಸರಿಸಿ ತೆಗೆದದ್ದು. ನಿರ್ದೇಶಕನ ಹೆಸರನ್ನು ಶುರುವಿನಲ್ಲೇ ತೋರಿಸಬೇಕೆಂದು ಹಾಲಿವುಡ್‌ನ ನಿರ್ದೇಶಕರ ಸಂಘ ಪಟ್ಟು ಹಿಡಿದಾಗ, 1980ರ ಎರಡನೇ ಚಿತ್ರದ ವಿಷಯದಲ್ಲಿ ಲೂಕಾಸ್ ದಂಡ ಕಟ್ಟಿ ಸಂಘವನ್ನೇ ಬಿಟ್ಟು ಹೊರಬಂದ. ಆದರೆ ಆ ಆರಂಭವನ್ನು ಕದಲಿಸಲಿಲ್ಲ. ಇಷ್ಟು ಹೇಳಿದರೂ ನಾನು ಕರಗಲಿಲ್ಲ. ಬಸ್ಸು ಸಿದ್ಧಗಂಗೆಯ ಕಮಾನು ದಾಟುವಾಗ ನನ್ನ ತಲೆಯಲ್ಲಿ ಆಗಲೇ ನಮ್ಮೂರ ಕುರುಕ್ಷೇತ್ರ ಓಡುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಊರಲ್ಲಿ ನಾಟಕ ಕೂಡಿಬಂತು. ನಾಲ್ಕು ಪುಸ್ತಕ ಓದಿದವನು, ಪೇಟೆ ಕಂಡವನು ಅಂತ ನನ್ನನ್ನು ವ್ಯವಸ್ಥಾಪಕನನ್ನಾಗಿ ಮಾಡಿದರು. ಕಲಿಸಲು ಬಂದ ಹಾರ್ಮೋನಿಯಂ ಮೇಷ್ಟ್ರು ಕುಣಿಗಲ್ ಕಡೆಯವರು, ವಯಸ್ಸಾದವರು, ಮಾತು ಕಡಿಮೆ. ಅವರಿಗೆ ನನ್ನ ಯೋಜನೆ ಹೇಳಿದೆ. ಪ್ರಾರ್ಥನೆ ಇರುವುದಿಲ್ಲ. ಲೈಟೆಲ್ಲ ಆರಬೇಕು. ಕತ್ತಲಲ್ಲಿ ಆನೆ ಘೀಳಿಡುವ, ಕುದುರೆ ಕೆನೆಯುವ, ಕತ್ತಿ ತಾಗುವ ಸದ್ದು. ಹೊಗೆ. ಬೆಳಕು ಬಂದಾಗ ಹದಿನೆಂಟನೇ ದಿನದ ರಣರಂಗ, ತುಂಬ ಹೆಣಗಳು, ನಡುವೆ ಲಾಟೀನು ಹಿಡಿದು ತನ್ನವರನ್ನು ಹುಡುಕುವ ಒಬ್ಬ ಹೆಂಗಸು. ಅಲ್ಲಿಂದ ಹಿಂದಕ್ಕೆ ಹೋಗಿ, ಮಲಗಿದ ಕೃಷ್ಣನ ತಲೆದೆಸೆಗೆ ದುರ್ಯೋಧನ, ಕಾಲ್ದೆಸೆಗೆ ಅರ್ಜುನ ಬಂದು ಕೂರುವ ದೃಶ್ಯದಿಂದ ಕಥೆ.

‘ಚೆನ್ನಾಗೈತೆ ಕಣಪ್ಪ’ ಎಂದರು ಮೇಷ್ಟ್ರು. ‘ಪ್ರಾರ್ಥನೆ ಆದ್ಮೇಲೆ ಮಾಡ್ಸು.’

ನಾನು ಗುಬ್ಬಿ ವೀರಣ್ಣನವರ ಹೆಸರು ಹಿಡಿದೆ. ನಮ್ಮ ಕಡೆ ಆ ಹೆಸರಿಗೆ ಎದುರು ಮಾತಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಗೆ ಹುಡುಗನಾಗಿ ಸೇರಿ, ಆಮೇಲೆ ಅದರ ಯಜಮಾನರಾಗಿ, ಊರೂರು ಸುತ್ತಿ ಕನ್ನಡದ ಜನಕ್ಕೆ ನಾಟಕ ನೋಡುವ ಚಟ ಹತ್ತಿಸಿದವರು ಅವರು. ಅವರ ಕುರುಕ್ಷೇತ್ರದಲ್ಲಿ ಜೀವಂತ ಆನೆ, ಜೀವಂತ ಕುದುರೆ ರಂಗದ ಮೇಲೆ ಬರುತ್ತಿದ್ದವು. ‘ನಿಜವಾದ ಆನೇನೇ ತಂದೋರು ವೀರಣ್ಣೋರು. ನಾನು ಕೇಳ್ತಿರೋದು ಬರೀ ಹೊಗೆ ಮೇಷ್ಟ್ರೇ’ ಎಂದೆ. ಅವರು ಹಾರ್ಮೋನಿಯಂನ ತಿದಿ ಮುಚ್ಚಿ, ‘ಆನೆ ತಂದ್ರು. ಅದಕ್ಕೆ ಮುಂಚೆ ಏನ್ ಮಾಡ್ತಿದ್ರು ಅಂತ ಕೇಳ್ಕಂಡು ಬಾ’ ಎಂದರು. ನಾನು ಕೇಳಿಕೊಂಡು ಬರಲಿಲ್ಲ. ಕಂಪನಿ ನಾಟಕ ನಾಂದಿ ಪದ್ಯ ಇಲ್ಲದೆ ಮೇಲೇಳುತ್ತಿರಲಿಲ್ಲ ಎಂಬುದು ನನಗೆ ಗೊತ್ತೇ ಇತ್ತು. ಅದು ಆ ಕಾಲದ ರೂಢಿ, ಆನೆ ಮಾತ್ರ ವೀರಣ್ಣನವರ ಪ್ರತಿಭೆ ಎಂದು ನನ್ನಷ್ಟಕ್ಕೆ ಭಾಗ ಮಾಡಿಕೊಂಡಿದ್ದೆ. ದುಡ್ಡು ಕೊಟ್ಟ ಹುಡುಗರು ನನ್ನ ಕಡೆ ಇದ್ದರು. ಸಿನಿಮಾದಂತೆ ಇರುತ್ತದೆ ಎಂದು ಅವರಿಗೂ ಆಸೆ. ಮೇಷ್ಟ್ರು ಇನ್ನೇನೂ ಹೇಳಲಿಲ್ಲ.

ನಾಟಕದ ರಾತ್ರಿ ಗುಡಿಯ ಮುಂದಿನ ಬಯಲು ತುಂಬಿತ್ತು. ಮುಂದೆ ಚಾಪೆ ಹಾಸಿಕೊಂಡ ಮಕ್ಕಳು ಮುದುಕಿಯರು, ಹಿಂದೆ ಟ್ರ್ಯಾಕ್ಟರ್ ಮೇಲೆ ನಿಂತವರು, ಅಂಚಿನಲ್ಲಿ ಕಡ್ಲೆಕಾಯಿ ಬೋಂಡಾ ಗಾಡಿಗಳು. ಒಳಗೆ, ದ್ರೌಪದಿ ಪಾತ್ರಕ್ಕೆ ಬಂದಿದ್ದ ಕಲಾವಿದೆಯೇ ಆ ಲಾಟೀನಿನ ಹೆಂಗಸಾಗಬೇಕಿತ್ತು. ಆಕೆ ಒಪ್ಪಲಿಲ್ಲ. ‘ರಂಗಕ್ಕೆ ಕೈಮುಗೀದೆ ಹೆಣದ ಮಧ್ಯೆ ನಡೆಯಕ್ಕಾಗಲ್ಲ ಅಣ್ಣ. ನಮ್ಮ ಹೊಟ್ಟೆಪಾಡು ಇದು’ ಎಂದಳು. ನಾನು ಪಟ್ಟು ಹಿಡಿದೆ. ಕೊನೆಗೆ ಆಕೆ ಸೈಡ್ ವಿಂಗಿನ ಮರೆಯಲ್ಲಿ, ಹಲಗೆಯ ಮೇಲೆ ಒಂದು ಚೂರು ಕರ್ಪೂರ ಹಚ್ಚಿ, ಒಬ್ಬಳೇ ನಮಸ್ಕಾರ ಮಾಡಿಕೊಂಡು ಬಂದಳು. ಅದೇ ಹೊತ್ತಿಗೆ ಒಳಗಿದ್ದ ಇನ್ನಿಬ್ಬರು ಪಾತ್ರಧಾರಿಗಳೂ ಹೋಗಿ ಆ ಕರ್ಪೂರಕ್ಕೆ ಕೈ ಒಡ್ಡಿದ್ದನ್ನು ನೋಡಿದೆ. ನೋಡಿಯೂ ನನಗೆ ಹೊಳೆಯಲಿಲ್ಲ.

ಬೆಲ್ ಹೊಡೆಸಿ ಲೈಟ್ ಆರಿಸಿದೆ. ಬಯಲಿನಿಂದ ಒಂದೇ ಕೂಗು: ‘ಕರೆಂಟ್ ಹೋಯ್ತು!’ ಯಾರೋ ಜನರೇಟರಿನವನನ್ನು ಬೈದರು. ಪೆನ್‌ಡ್ರೈವಿನ ಆನೆ ಘೀಳಿಟ್ಟಿತು. ಮಕ್ಕಳು ಚೀರಿದವು. ಒಂದು, ಎರಡು, ಆಮೇಲೆ ಬಯಲು ತುಂಬ ಮೊಬೈಲ್ ಟಾರ್ಚುಗಳು ಹೊತ್ತಿಕೊಂಡವು; ಅಷ್ಟೂ ಬೆಳಕು ಹೊಗೆಯನ್ನು ಸೀಳಿಕೊಂಡು ರಂಗದ ಮೇಲೆ ಬಿತ್ತು. ಅಲ್ಲಿ ನಮ್ಮೂರ ಹುಡುಗರು ಮೈಗೆ ಕುಂಕುಮದ ನೀರು ಬಳಿದುಕೊಂಡು ಸತ್ತು ಬಿದ್ದಿದ್ದರು. ಅಂಗಾತ, ಬೋರಲು, ಒಬ್ಬರ ಮೇಲೆ ಒಬ್ಬರು. ನಾನು ಅಂದುಕೊಂಡದ್ದಕ್ಕಿಂತ ನಿಜವಾಗಿ ಕಾಣುತ್ತಿತ್ತು. ಮುಂದಿನ ಚಾಪೆಯಲ್ಲಿದ್ದ ಒಂದು ಪುಟ್ಟ ಹುಡುಗಿ ‘ಅಮ್ಮಾ, ಅಣ್ಣ’ ಎಂದು ಬೆರಳು ತೋರಿಸಿತು. ಅದರ ತಾಯಿ ಎದ್ದರು. ನಡುವಿನ ಜನರನ್ನು ತಳ್ಳಿಕೊಂಡು, ಮೆಟ್ಟಿಲಿಲ್ಲದ ಕಡೆಯಿಂದ ರಂಗ ಹತ್ತಿ, ಹೆಣಗಳನ್ನು ದಾಟಿ ಹೋಗಿ ತನ್ನ ಮಗನ ರಟ್ಟೆ ಹಿಡಿದು ಎಬ್ಬಿಸಿದರು. ತಿರುಗಿ ನನ್ನನ್ನು ನೋಡಿ, ‘ಹಬ್ಬದ ದಿನ ದೇವರ ಮುಂದೆ ನನ್ನ ಮಗನ್ನ ಹೆಣ ಮಾಡಿ ಮಲಗಿಸಿದೀಯಲ್ಲಪ್ಪ, ನಿನಗೇನು ಮಾಡಿದ್ವಿ ನಾವು’ ಎಂದರು. ಮೇಲಿನ ಮೈಕು ಆ ಮಾತನ್ನು ಹಿಡಿದು ಬಯಲಿಗೆಲ್ಲ ಕೇಳಿಸಿತು.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಲೈಟು ಹಾಕಿಸಿದೆವು. ಹೆಣಗಳು ಎದ್ದು ಹೋದವು. ಸೀದಾ ಕಥೆಗೆ ಹೋಗೋಣ ಎಂದೆ. ದುರ್ಯೋಧನ ಬಂದ, ಪದ್ಯ ಎತ್ತಿಕೊಂಡ. ಹಾರ್ಮೋನಿಯಂ ಒಂದು ಕಡೆ, ಅವನ ಗಂಟಲು ಇನ್ನೊಂದು ಕಡೆ. ಮೈಕು ಕಿರುಚಿತು. ತಿಂಗಳುಗಟ್ಟಲೆ ಕಲಿತಿದ್ದ ಪದ್ಯ ಎರಡನೇ ಸಾಲಿಗೆ ನಿಂತುಹೋಯಿತು. ಎಲ್ಲರಿಗಿಂತ ಹೆಚ್ಚು ದುಡ್ಡು ಕೊಟ್ಟು, ಬೀಗರನ್ನೆಲ್ಲ ಕರೆಸಿದ್ದ ಮನುಷ್ಯ ಬೆವೆತು ನಿಂತಿದ್ದ. ಆಗ ಮೇಷ್ಟ್ರು ಪರದೆ ಬಿಡಿಸಿದರು. ಎಲ್ಲ ಪಾತ್ರಧಾರಿಗಳನ್ನೂ ಕರೆದು ಸಾಲಾಗಿ ನಿಲ್ಲಿಸಿ, ಕಾಯಿ ಒಡೆಸಿ, ನಡುರಾತ್ರಿಯ ಹತ್ತಿರ ಪ್ರಾರ್ಥನೆ ಹಾಡಿಸಿದರು. ನಾಟಕ ಮತ್ತೆ ಮೊದಲಿನಿಂದ ಶುರುವಾಗಿ ಬೆಳಗಿನವರೆಗೆ ನಡೆಯಿತು. ಅರ್ಧ ಜನ ಎದ್ದು ಹೋಗಿದ್ದರು.

ಅವತ್ತು ಬೆಳಿಗ್ಗೆ, ಮೇಕಪ್ಪಿನವರು ಪೆಟ್ಟಿಗೆ ಕಟ್ಟುತ್ತಿರುವಾಗ, ಮೇಷ್ಟ್ರು ನನಗೆ ಮೊದಲ ಸಲ ಬಿಡಿಸಿ ಹೇಳಿದರು. ‘ಪ್ರಾರ್ಥನೇಲಿ ಎಲ್ರೂ ಒಟ್ಟಿಗೆ ಹಾಡ್ತಾರಲ್ಲ, ಆಗ ಒಬ್ಬೊಬ್ಬನ ಗಂಟಲು ಅವತ್ತು ಹೆಂಗೈತೆ ಅಂತ ನಂಗೆ ಗೊತ್ತಾಗೋದು. ಅವ್ನು ಕಪ್ಪು ಒಂದರ ಶ್ರುತಿ ಕಣಪ್ಪ, ಹೌದು. ಆದ್ರೆ ಆ ದಿನ ನೆಗಡಿ ಆಗಿದ್ರೆ? ಭಯಕ್ಕೆ ಗಂಟಲು ಇಳಿದಿದ್ರೆ? ಅಲ್ಲೇ ಹಿಡ್ಕೋತೀನಿ.’ ಮೈಕಿನವನು ಯಾವ ಮೈಕು ಎಷ್ಟು ಏರಿಸಬೇಕು ಎಂದು ನೋಡಿಕೊಳ್ಳುವುದು ಪ್ರಾರ್ಥನೆಯಲ್ಲಿ. ತಬಲದವನು ಶ್ರುತಿಗೆ ಕೂರಿಸಿ ಬಿಗಿ ಮಾಡಿಕೊಳ್ಳುವುದು ಪ್ರಾರ್ಥನೆಯಲ್ಲಿ. ಮೊದಲ ಸಲ ಬಣ್ಣ ಹಚ್ಚಿದವನ ಕಾಲು ನಡುಕ ನಿಲ್ಲುವುದು ಪ್ರಾರ್ಥನೆಯಲ್ಲಿ. ಒಬ್ಬನೇ ನಿಲ್ಲುವ ಮೊದಲು ಅವನು ಇಡೀ ಊರಿನ ಜೊತೆ ನಿಂತಿರುತ್ತಾನೆ. ದನ ಕಟ್ಟಿ, ಊಟ ಮುಗಿಸಿ ತಡವಾಗಿ ಬರುವವರು ಬಂದು ಕೂರುವುದು ಪ್ರಾರ್ಥನೆಯಲ್ಲಿ.

ಮೇಷ್ಟ್ರು ಬಾಯಲ್ಲಿ ಹೇಳಿದ್ದನ್ನೇ ನಾನು ಆಮೇಲೆ ಆದ್ಯ ರಂಗಾಚಾರ್ಯರು ಕನ್ನಡಕ್ಕೆ ತಂದ ಭರತನ ನಾಟ್ಯಶಾಸ್ತ್ರದಲ್ಲಿ ಓದಿದೆ. ಐದನೇ ಅಧ್ಯಾಯ ಪೂರ್ವರಂಗದ್ದು, ಅಂದರೆ ನಾಟಕಕ್ಕೆ ಮುಂಚಿನ ವಿಧಿಗಳದ್ದು. ಅದು ಪೂರ್ತಿ ಪೂಜೆ ಪುನಸ್ಕಾರದ ಪಟ್ಟಿ ಇರಬೇಕೆಂದುಕೊಂಡಿದ್ದೆ. ಆದರೆ ಅದರ ಮೊದಲ ಅಂಗಗಳೆಲ್ಲ ಪರದೆಯ ಹಿಂದೆ ಆಗುವಂಥವು: ವಾದ್ಯಗಳನ್ನು ತಂದು ಜೋಡಿಸುವುದು, ಹಾಡುವವರು ಬಂದು ಕೂರುವುದು, ಕಂಠ ಎತ್ತಿ ನೋಡುವುದು, ವಾದ್ಯಗಳ ಶ್ರುತಿ ಮಾಡಿಕೊಳ್ಳುವುದು, ತಂತಿ ಮೀಟಿ ನೋಡುವುದು. ನಾಂದಿ ಬರುವುದು ಇಷ್ಟಾದ ಮೇಲೆ. ಭರತ ಅದನ್ನು ಬರೆಯುವಾಗ ಅವನ ಮುಂದೆ ನಮ್ಮ ಮೇಷ್ಟ್ರಂಥ ಒಬ್ಬರು ಕೂತಿದ್ದಿರಬೇಕು ಎನಿಸಿತು. ದೇವರಿಗೆ ಕೈಮುಗಿಯುವುದೂ ತಬಲ ಬಿಗಿ ಮಾಡುವುದೂ ಒಂದೇ ಕೆಲಸದ ಎರಡು ಭಾಗಗಳಾಗಿ ಆ ಪುಸ್ತಕದಲ್ಲಿ ಒಟ್ಟಿಗೆ ಇವೆ. ನಾನು ಒಂದನ್ನು ಮೂಢರೂಢಿ, ಇನ್ನೊಂದನ್ನು ತಂತ್ರಜ್ಞಾನ ಎಂದು ಕತ್ತರಿಸಲು ಹೋಗಿದ್ದೆ.

ಆದರೆ ಆ ತಾಯಿಯ ಮಾತಿಗೆ ಶ್ರುತಿ ಮೈಕುಗಳ ಉತ್ತರ ಸಾಲುವುದಿಲ್ಲ. ಅದರ ಬಗ್ಗೆ ಬಹಳ ಕಾಲ ಯೋಚಿಸಿದ್ದೇನೆ. ನಮ್ಮ ಕಡೆಯ ಮೂಡಲಪಾಯ ಯಕ್ಷಗಾನ ನೋಡಿದವರಿಗೆ ಗೊತ್ತು: ಎಂಥ ಚಕ್ರವರ್ತಿ ಬಂದರೂ ಸಾರಥಿ ಅಡ್ಡ ನಿಂತು ನೀವು ಯಾರು, ಯಾವ ಊರು, ಹೆಸರೇನು, ಬಂದ ಕಾರಣವೇನು ಎಂದು ಕೇಳುತ್ತಾನೆ. ಉತ್ತರ ಕೊಟ್ಟ ಮೇಲೇ ಅವನು ಚಕ್ರವರ್ತಿ. ಅಲ್ಲಿಯವರೆಗೆ ಬಣ್ಣ ಹಚ್ಚಿದ ಪಕ್ಕದ ಮನೆಯವನು. ಕಾಳಿದಾಸನ ಶಾಕುಂತಲದಲ್ಲೂ ಮೊದಲು ಬರುವುದು ಸೂತ್ರಧಾರ ಮತ್ತು ನಟಿ. ನಟಿ ಹಾಡುತ್ತಾಳೆ; ಹಾಡಿಗೆ ಮರುಳಾದ ಸೂತ್ರಧಾರ ಇವತ್ತು ಯಾವ ನಾಟಕ ಎಂಬುದನ್ನೇ ಮರೆಯುತ್ತಾನೆ. ನೆನಪಿಸಿದಾಗ, ಓಡುವ ಜಿಂಕೆ ದುಷ್ಯಂತನನ್ನು ಸೆಳೆದೊಯ್ಯುವಂತೆ ನಿನ್ನ ಹಾಡು ನನ್ನನ್ನು ಸೆಳೆದೊಯ್ಯಿತು ಎನ್ನುತ್ತಾನೆ. ಆ ಮಾತು ಮುಗಿಯುವಷ್ಟರಲ್ಲಿ ಜಿಂಕೆಯ ಬೆನ್ನು ಹತ್ತಿದ ದುಷ್ಯಂತ ರಂಗದ ಮೇಲಿದ್ದಾನೆ. ನಾವು ಎಲ್ಲಿಂದ ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದನ್ನು ತಿಳಿದೇ ಹೋಗುತ್ತೇವೆ. ನಮ್ಮೂರ ಪ್ರಾರ್ಥನೆ ಮಾಡುವುದೂ ಅದನ್ನೇ. ಭೀಮನೂ ದುರ್ಯೋಧನನೂ ಅಕ್ಕಪಕ್ಕ ನಿಂತು ಹಾಡುವುದನ್ನು ಆ ತಾಯಿ ಮೊದಲು ನೋಡಿದ್ದರೆ, ನಡುವೆ ತನ್ನ ಮಗನೂ ಕೈಮುಗಿದು ನಿಂತದ್ದನ್ನು ನೋಡಿದ್ದರೆ, ಆಮೇಲೆ ಅವನು ಎಷ್ಟು ಸತ್ತರೂ ಅವನು ತನ್ನ ಮಗ, ಬೆಳಿಗ್ಗೆ ಮನೆಗೆ ಬರುತ್ತಾನೆ ಎಂಬ ಧೈರ್ಯದಲ್ಲಿ ಅಳುತ್ತಿದ್ದರು. ನಾನು ಅವರಿಗೆ ಆ ಧೈರ್ಯ ಕೊಡದೆ ಸಾವನ್ನು ಮಾತ್ರ ತೋರಿಸಿದೆ. ವೀರಣ್ಣನವರು ಆನೆ ತರುವ ಮುಂಚೆ ಏನು ಮಾಡುತ್ತಿದ್ದರು ಎಂಬ ಪ್ರಶ್ನೆಯ ಅರ್ಥ ಅದಾಗಿತ್ತು. ಅಷ್ಟು ನಿಜವಾದದ್ದನ್ನು ರಂಗಕ್ಕೆ ತರುವವರಿಗೆ, ಇದು ಆಟ ಎಂದು ಮೊದಲು ಹೇಳುವ ಹೊಣೆ ಇನ್ನೂ ಹೆಚ್ಚು.

ಹೊಸ ಕಾಲದ ರಂಗಭೂಮಿಯವರು ಇದನ್ನೆಲ್ಲ ಬಿಟ್ಟಿದ್ದಾರೆ ಎಂಬ ನನ್ನ ನಂಬಿಕೆಯೂ ತಪ್ಪಾಗಿತ್ತು. ಗಿರೀಶ ಕಾರ್ನಾಡರ ‘ಹಯವದನ’ ಗಣಪತಿ ಪೂಜೆಯಿಂದ, ಭಾಗವತನಿಂದ ಶುರುವಾಗುತ್ತದೆ. ಆನೆಯ ತಲೆ, ಮನುಷ್ಯನ ಮೈಯ ಆ ದೇವರೇ ಮುಂದೆ ಬರುವ ತಲೆ ಬದಲಾದವರ ಕಥೆಗೆ ಮೊದಲ ಸುಳಿವು. ಅದನ್ನು ಕನ್ನಡದಲ್ಲಿ ಆಡಿಸಿ ಹಾಡುಗಳಿಂದ ಮನೆಮಾತು ಮಾಡಿದ ಬಿ.ವಿ. ಕಾರಂತರು, ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿ ಬಂದು ಸೇರಿದ್ದು ಗುಬ್ಬಿ ಕಂಪನಿಯನ್ನು. ಅವರನ್ನು ಬನಾರಸಿಗೆ ಓದಲು ಕಳಿಸಿದವರು ವೀರಣ್ಣನವರು. ಆಧುನಿಕ ನಾಟಕಕ್ಕೆ ಪ್ರಾರ್ಥನೆ ವಾಪಸ್ ಬಂದ ದಾರಿ ನಮ್ಮ ಗುಬ್ಬಿಯ ಮೂಲಕವೇ ಹಾದುಹೋಗಿದೆ ಎಂದು ನಾನು ಹೆಮ್ಮೆಯಿಂದ ಹೇಳುತ್ತೇನೆ. ಇದನ್ನು ತಿಳಿಯಲು ನನಗೆ ಒಂದು ನಾಟಕ ಕೆಡಬೇಕಾಯಿತು.

‘ರೋಗ್ ಒನ್’ ಅನ್ನು ಮತ್ತೆ ನೋಡಿದೆ. ಮೊದಲ ಸಲ ನೋಡಿದಾಗ ನನ್ನ ಕಣ್ಣಿಗೇ ಬೀಳದ ಒಂದು ಸಂಗತಿ ಅದರ ಮೊದಲ ಕ್ಷಣದಲ್ಲೇ ಇತ್ತು: ನೀಲಿ ಅಕ್ಷರದ ಆ ಸಾಲು. ಹರಿಯುವ ಹಳದಿ ಅಕ್ಷರಗಳನ್ನು ಬಿಟ್ಟಿದ್ದರು, ಆದರೆ ಬಹಳ ಹಿಂದೆ, ಬಹಳ ದೂರದಲ್ಲಿ ಎಂದು ಹೇಳುವುದನ್ನು ಬಿಟ್ಟಿರಲಿಲ್ಲ. ಅಷ್ಟು ಹೇಳಿಯೇ ಯುದ್ಧಕ್ಕೆ ಇಳಿದಿದ್ದರು. ಕಥಾಸಾರ ಬಿಡಲೂ ಅವರಿಗೆ ಕಾರಣವಿತ್ತು. ಶತ್ರುವಿನ ಮಹಾ ಅಸ್ತ್ರದ ನಕ್ಷೆಯನ್ನು ಕದ್ದು ತಂದವರ ಬಗ್ಗೆ 1977ರ ಚಿತ್ರದ ಹರಿಯುವ ಅಕ್ಷರಗಳಲ್ಲಿ ಬರುವ ಒಂದು ಮಾತೇ ಈ ಇಡೀ ಸಿನಿಮಾದ ಕಥೆ. ಅಂದರೆ ಈ ಸಿನಿಮಾವೇ ಹಳೆಯದರ ನಾಂದಿ. ಹಾಗಿದ್ದ ಮೇಲೆ ನಾಂದಿಗೆ ಇನ್ನೊಂದು ನಾಂದಿ ಯಾಕೆ? ಗೆಳೆಯ ಇದನ್ನು ಇನ್ನೂ ಒಪ್ಪಿಲ್ಲ. ನಾನು ಮಾತ್ರ ಆ ನಿರ್ದೇಶಕನ ಪರವಾಗಿಯೇ ಉಳಿದಿದ್ದೇನೆ. ಅವನು ತೆಗೆದದ್ದು ಏನು, ಇಟ್ಟದ್ದು ಏನು ಎಂದು ಅವನಿಗೆ ಗೊತ್ತಿತ್ತು.

ಇನ್ನು ಮರೆಯಲಾಗದ್ದು. ನಮ್ಮೂರಲ್ಲಿ ಒಬ್ಬ ತಾತ ಇದ್ದರು, ಕುರಿ ಕಾಯುತ್ತಿದ್ದವರು. ಪಾತ್ರ ಕೊಳ್ಳುವಷ್ಟು ದುಡ್ಡು ಅವರ ಹತ್ತಿರ ಎಂದೂ ಇರಲಿಲ್ಲ. ಆದರೆ ಕಂಠ ಇತ್ತು. ನಾನು ಕಂಡಾಗಿನಿಂದ ಪ್ರತಿ ನಾಟಕದಲ್ಲೂ ಪ್ರಾರ್ಥನೆಯ ಮೊದಲ ಸಾಲು ಎತ್ತುತ್ತಿದ್ದವರು ಅವರೇ. ಪಾತ್ರಧಾರಿಗಳ ಸಾಲಿನ ಒಂದು ಕೊನೆಗೆ, ವೇಷವಿಲ್ಲದೆ, ಒಗೆದ ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿ ನಿಲ್ಲುತ್ತಿದ್ದರು. ಅವರ ಜೊತೆಗೆ ಪಾತ್ರ ಸಿಗದ ಒಂದಿಬ್ಬರು ಹುಡುಗರು. ಇಡೀ ಕುರುಕ್ಷೇತ್ರದಲ್ಲಿ ದುಡ್ಡು ಕೊಡದೆ ನಿಲ್ಲಬಹುದಾದ ಜಾಗ ಅದೊಂದೇ. ಪ್ರಾರ್ಥನೆ ತೆಗೆಯುವ ತೀರ್ಮಾನವನ್ನು ನಾನು ಮೇಷ್ಟ್ರಿಗೆ ಹೇಳಿದೆ, ದುಡ್ಡು ಕೊಟ್ಟವರಿಗೆ ಹೇಳಿದೆ, ಲೈಟಿನವನಿಗೂ ಹೇಳಿದೆ. ಅವರಿಗೆ ಹೇಳಬೇಕೆಂದು ನನಗೆ ತೋಚಲೇ ಇಲ್ಲ. ಆ ರಾತ್ರಿ ಅವರು ಪಂಚೆ ಉಟ್ಟು ಬಂದು ರಂಗದ ಹಿಂದಿನ ಕಲ್ಲಿನ ಮೇಲೆ ಕೂತಿದ್ದರಂತೆ. ಲೈಟ್ ಆರಿ, ಸದ್ದು ಶುರುವಾದಾಗ ಪಕ್ಕದವರನ್ನು ಕೇಳಿ ತಿಳಿದುಕೊಂಡು, ಎದ್ದು ಮನೆಗೆ ಹೋದರಂತೆ. ಮೇಷ್ಟ್ರು ನಡುರಾತ್ರಿ ಪ್ರಾರ್ಥನೆ ಹಾಡಿಸುವಾಗ ಮೊದಲ ಸಾಲಿಗೆ ಅವರನ್ನು ಹುಡುಕಿದರು, ಇರಲಿಲ್ಲ.

ಮಾರನೇ ದಿನ ಅವರ ಮನೆಗೆ ಹೋದೆ. ಕುರಿ ಹಟ್ಟಿಯ ಮುಂದೆ ಹಗ್ಗ ಹೊಸೆಯುತ್ತಿದ್ದರು. ನಾನು ಏನು ಹೇಳಬೇಕೆಂದು ತಡವರಿಸುವಾಗ, ‘ನಿಮ್ಮ ಭೀಮ ಚೆನ್ನಾಗಿ ಮಾಡಿದ್ನಂತೆ?’ ಎಂದು ಕೇಳಿದರು. ಹೂಂ ಎಂದೆ. ಆಮೇಲೆ, ‘ಒಂದ್ ಮಾತು ಹೇಳಿದ್ರೆ ಆಗ್ತಿತ್ತು ಮಗ. ನಾನೇನು ಬ್ಯಾಡ ಅಂತಿದ್ನಾ’ ಎಂದರು. ಬೈದಿದ್ದರೆ ಹಗುರಾಗುತ್ತಿತ್ತು. ಮುಂದಿನ ನಾಟಕಕ್ಕೆ ನಾನೇ ಹೋಗಿ ಕರೆದೆ, ಮೇಷ್ಟ್ರನ್ನೂ ಕರೆದುಕೊಂಡು ಹೋದೆ. ಗಂಟಲು ಇಲ್ಲ ಕಣಪ್ಪ ಎಂದರು. ಮತ್ತೆ ಅವರು ರಂಗ ಹತ್ತಲಿಲ್ಲ. ಈಗ ಅವರಿಲ್ಲ.

ಆ ಮುಂದಿನ ನಾಟಕದಲ್ಲಿ ನನ್ನ ಹೊಗೆಯನ್ನೂ ಹೆಣಗಳನ್ನೂ ಬಿಡಲಿಲ್ಲ. ಚಕ್ರವ್ಯೂಹದ ದೃಶ್ಯಕ್ಕೆ ಹಾಕಿದೆವು. ಅವತ್ತು ತಾಯಿ ಎಬ್ಬಿಸಿಕೊಂಡು ಹೋಗಿದ್ದ ಆ ಹುಡುಗನೇ ದುಡ್ಡು ಕೂಡಿಟ್ಟು ಅಭಿಮನ್ಯುವಾಗಿದ್ದ. ಪ್ರಾರ್ಥನೆಯಲ್ಲಿ ಅವನ ತಾಯಿ ಬಂದು ಹಾರ ಹಾಕಿ ಹೋದರು. ಆರು ಜನ ಮಹಾರಥಿಗಳು ಸುತ್ತುವರಿದು ಅವನನ್ನು ಕೊಂದಾಗ ಅವರು ಮುಂದಿನ ಸಾಲಿನಲ್ಲೇ ಸೆರಗು ಬಾಯಿಗೆ ಒತ್ತಿ ಅತ್ತರು, ಎದ್ದು ಬರಲಿಲ್ಲ. ಬಯಲು ತುಂಬ ಜನ ಅತ್ತರು. ಲೈಟ್ ಆರಿಸಿದಾಗ ಯಾರೂ ಕರೆಂಟ್ ಹೋಯಿತೆನ್ನಲಿಲ್ಲ. ಹೊಗೆ ನನ್ನ ಮೂರ್ಖತನವಾಗಿರಲಿಲ್ಲ ಎಂದು ಅವತ್ತು ಸಮಾಧಾನವಾಯಿತು. ವಾಸ್ತವಕ್ಕೆ ನಾನು ಇವತ್ತೂ ವಿರೋಧಿಯಲ್ಲ.

ಈಗಿನ ಹುಡುಗರು ಬಣ್ಣದ ಪರದೆಗಳ ಬದಲು ಎಲ್‌ಇಡಿ ಗೋಡೆ ಬೇಕೆನ್ನುತ್ತಾರೆ. ಮದುವೆ ಮನೆಗಳಲ್ಲಿ ಬಾಡಿಗೆಗೆ ಸಿಗುತ್ತದೆ. ದ್ವಾರಕೆ, ಹಸ್ತಿನಾವತಿ, ರಣರಂಗ ಎಲ್ಲವನ್ನೂ ಅದರಲ್ಲೇ ತೋರಿಸಬಹುದು. ಒಬ್ಬನಂತೂ ಶುರುವಿನಲ್ಲಿ ಕಥಾಸಾರವನ್ನು ಹಳದಿ ಅಕ್ಷರದಲ್ಲಿ ಹರಿಸೋಣ ಎಂದ. ಖುಷಿಯಾಯಿತು. ಹರಿಸಲಿ, ಪ್ರಾರ್ಥನೆಯ ನಂತರ. ಮೇಷ್ಟ್ರ ಶಿಷ್ಯರೊಬ್ಬರು ಈಗ ಕಲಿಸಲು ಬರುತ್ತಾರೆ. ಈ ಸಲ ಪಾತ್ರ ಹಂಚಲು ಕೂತಾಗ ನಾನು ಕೇಳಿದ್ದು ಒಂದೇ: ದುರ್ಯೋಧನ ಯಾರು, ಕೃಷ್ಣ ಯಾರು ಎಂದು ತೀರ್ಮಾನಿಸುವ ಮೊದಲು ಪ್ರಾರ್ಥನೆಗೆ ನಿಲ್ಲುವವರ ಹೆಸರು ಬರೆಯಿರಿ, ಅವರಿಂದ ದುಡ್ಡು ಕೇಳಬೇಡಿ, ಪೋಸ್ಟರಿನಲ್ಲಿ ಅವರ ಫೋಟೋನೂ ಹಾಕಿ. ಫೋಟೋ ವಿಷಯದಲ್ಲಿ ಒಂದಿಷ್ಟು ಗಲಾಟೆ ಆಯಿತು, ಜಾಗ ಸಾಲುವುದಿಲ್ಲ ಎಂದು. ಕೊನೆಗೆ ಪೋಸ್ಟರಿನ ಅಳತೆ ಹೆಚ್ಚಿಸಿದರು.